ಒಟ್ರಾಂಟೋ ದುರ್ಗವೂ ಬಿದನೂರಿನ ಅರಮನೆಯೂ

ಕ್ರಿ. ಶ. ೧೭೬೪ನೆಯ ಡಿಸೆಂಬರ್ ತಿಂಗಳ ೨೪ನೆಯ ತಾರೀಖು ಲಂಡನ್ ನಗರದಲ್ಲಿ ಒಂದು ಸಣ್ಣ ಪುಸ್ತಕವು ಹೊರಬಿದ್ದಿತು. ಅದರ ಹೆಸರು ‘ಒಟ್ರಾಂಟೋ ದುರ್ಗ’. ಅಚ್ಚಾದ ಪ್ರತಿಗಳು ಐನೂರು. ಒಟ್ರಾಂಟೋ ಪಟ್ಟಣದ ದೇವಾಲಯಕ್ಕೆ ಸೇರಿದ ಮುರಾಲ್ಟೋ ಎಂಬ ಪಾದ್ರಿಯು ಇಟಾಲಿಯನ್ ಭಾಷೆಯಲ್ಲಿ ಬರೆದ ಕಥೆಯಿದು. ೧೫೨೯ರಲ್ಲಿ ನೇಪಲ್ಸ್ ನಗರದಲ್ಲಿ ಅಚ್ಚಾದ ಅದರ ಪ್ರತಿಯೊಂದು ಇಂಗ್ಲೆಂಡಿನ ಉತ್ತರಭಾಗದ ಹಳೆಯ ಮನೆತನವೊಂದರ ಗ್ರಂಥಭಂಡಾರದಲ್ಲಿ ದೊರೆಯಿತು. ಅದನ್ನು ವಿಲಿಯಂ ಮಾರ್ಷಲ್ ಎಂಬ ಸದ್ಗೃಹಸ್ಥನು ಭಾಷಾಂತರಿಸಿದನು—ಹೀಗೆಂದು ಮುಖಪುಟವೂ ಮುನ್ನುಡಿಯೂ ಸೇರಿ ಓದುಗರಿಗೆ ತಿಳಿಸಿದುವು. ಇದರಲ್ಲಿ ಒಂದು ಮಾತೂ ನಿಜವಲ್ಲ. ಅಂಥ ಪಾದ್ರಿಯೂ ಇರಲಿಲ್ಲ, ಅಂಥ ಪ್ರತಿಯೂ ಇರಲಿಲ್ಲ, ಮಾರ್ಷಲನೂ ಇರಲಿಲ್ಲ. ಗ್ರಂಥಕರ್ತನು ಹೊರೇಸ್ ವಾಲ್ಪೋಲ್. ಇಂಗ್ಲೆಂಡಿನ ಪ್ರಥಮ ಪ್ರಧಾನಮಂತ್ರಿಯೆಂದು ಹೆಸರಾದ ರಾಬರ್ಟ್ ವಾಲ್ಪೋಲನ ಮಗ. ನಗೆಪಾಟಲಾದೇನೆಂಬ ಅಂಜಿಕೆಯಿಂದ ಅವನು ತನ್ನ ಹೆಸರನ್ನು ಮರೆಸಿದ್ದನು. ಪುಸ್ತಕವು ಜನರ ಮನಸ್ಸನ್ನು ಹಿಡಿಯಿತು. ೧೭೬೫ರ ಏಪ್ರಿಲಿನಲ್ಲಿ ಎರಡನೆಯ ಮುದ್ರಣವು ಬಂದಾಗ ಅವನು ಧೈರ್ಯಮಾಡಿ ನಿಜವನ್ನು ಒಪ್ಪಿಕೊಂಡನು. ಗ್ರಂಥದ ಹೆಸರಿನ ಕೆಳಗೆ ‘ಗಾಥಿಕ್ ಕಥೆ’ ಎಂಬ ಮಾತನ್ನೂ ಸೇರಿಸಿದನು. ಪಾಶ್ಚಾತ್ಯ ಸಾಹಿತ್ಯದಲ್ಲಿ ಗಾಥಿಕ್ ಎಂಬ ಪ್ರಕಾರಕ್ಕೆ ನಾಮಕರಣವಾದುದು ಹೀಗೆ.

ಆಂಗ್ಲ ಸಾಹಿತ್ಯದ ಈ ಹಳೆಯ ವೃತ್ತಾಂತವು ನಮಗೇತಕ್ಕೆ ಎಂದು ಶ್ರೋತೃಗಳು ಕೇಳಬಹುದು. ಅದಕ್ಕೆ ಉತ್ತರವು ನಮ್ಮ ಮಲೆನಾಡಿನಲ್ಲಿಯೇ ಇದೆ. ಕುಂದಾಪುರದ ಕಡೆಯಿಂದ ಹೊಸಂಗಡಿಗೆ ಬಂದು, ಅಲ್ಲಿಂದ ಘಟ್ಟವನ್ನೇರಿದರೆ ಸಿಕ್ಕುವುದು ಹುಲಿಕಲ್. ಕನ್ನಡ ನಾಡಿನಲ್ಲಿ ಅತ್ಯಂತ ಹೆಚ್ಚು ಮಳೆ ಬೀಳುವ ಕೆಲವೇ ಸ್ಥಳಗಳಲ್ಲಿ ಅದೊಂದು. ಹುಲಿಕಲ್ಲನ್ನು ದಾಟಿ ಒಳನಾಡಿಗೆ ನಡೆದರೆ ನಗರವೆಂಬ ಊರು ಬರುತ್ತದೆ. ಮುರಿದ ಕೋಟೆ, ಪಾಚಿಗಟ್ಟಿದ ಕಲ್ಲು, ತುಂಬಿ ನಿಂತ ಕೊಳ. ಇದೇ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು. ವಾಲ್ಪೋಲನು ತನ್ನ ಕಥೆಯನ್ನು ಬರೆಯತೊಡಗಿದುದು ೧೭೬೪ರ ಜೂನ್ ತಿಂಗಳಲ್ಲಿ. ಮುಗಿಸಿದುದು ಎರಡು ತಿಂಗಳೊಳಗೆ. ಬಿದನೂರು ಹೈದರನ ವಶವಾದುದು ೧೭೬೩ರಲ್ಲಿ. ಕೊಲೆಗೆ ಈಡಾದನೆನ್ನಲಾದ ಬಾಲಕ ರಾಜ, ನಾನೇ ಆತನೆಂದು ಬಂದು ನಿಂತ ಯುವಕ, ರಹಸ್ಯಮಾರ್ಗ, ಉರಿಯುವ ಅರಮನೆ, ಓಡಿಹೋದ ರಾಣಿ—ವಾಲ್ಪೋಲನು ಕಲ್ಪಿಸಿ ಬರೆದುದಕ್ಕೆ ಒಂದೇ ವರ್ಷ ಮುಂಚೆ ನಮ್ಮ ಮಲೆನಾಡಿನಲ್ಲಿ ಇವೆಲ್ಲವೂ ನಡೆದಿದ್ದುವು, ಅಥವಾ ನಡೆದುವೆಂದು ಜನರು ನಂಬಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಆದರೆ ಒಟ್ರಾಂಟೋ ದುರ್ಗದಿಂದ ಹೊರಟ ಕಥಾಪ್ರವಾಹವು ಹಲವು ನಾಡುಗಳನ್ನು ಸುತ್ತಿ, ಕೊನೆಗೆ ಕನ್ನಡಕ್ಕೆ ಬಂದು, ಬಿದನೂರಿನ ಬಾಗಿಲನ್ನು ತಟ್ಟಿತು. ಆ ದಾರಿಯನ್ನು ಅನುಸರಿಸುವುದೂ, ಆ ದಾರಿಯಲ್ಲಿ ನಾವು ಪಡೆದುದೇನು, ಕಳೆದುಕೊಂಡುದೇನು ಎಂದು ವಿಚಾರಮಾಡುವುದೂ ಇಂದಿನ ಉದ್ದೇಶ.

ಮೊದಲು ಒಟ್ರಾಂಟೋ ದುರ್ಗದ ಕಥೆ. ಮ್ಯಾನ್‌ಫ್ರೆಡ್ ಎಂಬುವನು ಆ ದುರ್ಗದ ಒಡೆಯ. ಅವನ ಅಜ್ಜನು ಆಲ್ಫಾನ್ಸೋ ಎಂಬ ಧರ್ಮಿಷ್ಠನಾದ ಪ್ರಭುವಿಗೆ ವಿಷವಿಕ್ಕಿ, ಸುಳ್ಳು ಮರಣಶಾಸನವನ್ನು ಹುಟ್ಟಿಸಿ, ರಾಜ್ಯವನ್ನು ಅಪಹರಿಸಿದ್ದನು. ನಿಜವಾದ ಒಡೆಯನು ದುರ್ಗದಲ್ಲಿ ಹಿಡಿಸಲಾರದಷ್ಟು ದೊಡ್ಡವನಾದಾಗ ಈ ವಂಶಕ್ಕೆ ದುರ್ಗವು ತಪ್ಪುವುದೆಂದು ಒಂದು ಭವಿಷ್ಯವಾಣಿಯುಂಟು. ಮ್ಯಾನ್‌ಫ್ರೆಡ್ಡನ ಏಕಮಾತ್ರ ಪುತ್ರನ ಮದುವೆಯ ದಿನ ಆಕಾಶದಿಂದಲೋ ಎಂಬಂತೆ ಒಂದು ಭಾರಿ ಶಿರಸ್ತ್ರಾಣವು ಅಂಗಳದಲ್ಲಿ ಬಿದ್ದು, ವರನು ಅದರಡಿಯಲ್ಲಿ ಸಿಕ್ಕಿ ನುಚ್ಚಾಗುತ್ತಾನೆ. ವಂಶವು ನಿಂತುಹೋಗುವುದೆಂಬ ಭಯದಿಂದ ತಂದೆಯು ತನ್ನ ಸಾಧ್ವಿಯಾದ ಹೆಂಡತಿಯನ್ನು ಬಿಟ್ಟು, ಸೊಸೆಯಾಗಬೇಕಾಗಿದ್ದ ಇಸಬೆಲ್ಲಳನ್ನೇ ಮದುವೆಯಾಗಲು ಹವಣಿಸುತ್ತಾನೆ. ಆಕೆ ನೆಲಮಾಳಿಗೆಯ ಸುರಂಗದಲ್ಲಿ ಕತ್ತಲೆಯಲ್ಲಿ ತಡವರಿಸುತ್ತ ಓಡುತ್ತಾಳೆ. ಥಿಯೊಡೋರ್ ಎಂಬ ರೈತ ಯುವಕನು ಆಕೆಗೆ ನೆರವಾಗುತ್ತಾನೆ. ಇಸಬೆಲ್ಲಳೆಂದು ಭ್ರಮಿಸಿ ಮ್ಯಾನ್‌ಫ್ರೆಡ್ ತನ್ನ ಸ್ವಂತ ಮಗಳನ್ನೇ ಇರಿದುಬಿಡುತ್ತಾನೆ. ಕಡೆಗೆ ದುರ್ಗದ ಗೋಡೆಗಳು ಬಿರಿದು ಬೀಳುತ್ತವೆ. ಆಲ್ಫಾನ್ಸೋವಿನ ಮಹಾಕಾರವು ಎದ್ದುನಿಂತು, ಆ ರೈತ ಯುವಕನೇ ತನ್ನ ನಿಜವಾದ ಉತ್ತರಾಧಿಕಾರಿಯೆಂದು ಸಾರುತ್ತದೆ. ಹಿರಿಯರ ಪಾಪವು ಮಕ್ಕಳ ತಲೆಗೆ ಬರುವುದೆಂಬುದೇ ಕಥೆಯ ನೀತಿ. ಇದಕ್ಕಿಂತ ಪ್ರಯೋಜನಕರವಾದ ನೀತಿಯೊಂದು ದೊರೆತಿದ್ದರೆ ಚೆನ್ನಾಗಿತ್ತೆಂದು ವಾಲ್ಪೋಲನೇ ಮುನ್ನುಡಿಯಲ್ಲಿ ವಿಷಾದವನ್ನು ನಟಿಸಿದ್ದಾನೆ.

ಈ ಕಥೆಯು ಹುಟ್ಟಿದುದು ಒಂದು ಕನಸಿನಿಂದ. ಹಳೆಯ ದುರ್ಗವೊಂದರ ಮೆಟ್ಟಿಲ ಸಾಲಿನ ಮೇಲ್ತುದಿಯಲ್ಲಿ ಕವಚ ತೊಟ್ಟ ಒಂದು ದೈತ್ಯ ಹಸ್ತವು ಕಂಡಿತೆಂದೂ, ಎದ್ದ ದಿನವೇ ಸಾಯಂಕಾಲ ಬರೆಯಲು ಕುಳಿತೆನೆಂದೂ ವಾಲ್ಪೋಲನು ಮಿತ್ರನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಕನಸಿಗೂ ಕಾರಣವಿಲ್ಲದೆ ಇಲ್ಲ. ಥೇಮ್ಸ್ ನದಿಯ ಬಳಿ ಸ್ಟ್ರಾಬೆರಿ ಹಿಲ್ ಎಂಬಲ್ಲಿ ಅವನು ತನ್ನ ಮನೆಯನ್ನು ಮಧ್ಯಯುಗದ ಮಠಗಳನ್ನೂ ದುರ್ಗಗಳನ್ನೂ ಅನುಕರಿಸಿ ವರ್ಷಗಟ್ಟಲೆ ಕಟ್ಟಿಸುತ್ತಿದ್ದನು. ಆ ಶತಮಾನವು ತರ್ಕದ ಶತಮಾನ. ವಿದ್ಯಾವಂತರು ದೆವ್ವವೆಂದರೆ ನಗುತ್ತಿದ್ದರು. ಮಧ್ಯಯುಗವೆಂದರೆ ಅಜ್ಞಾನವೆಂದು ತಿಳಿದಿದ್ದರು. ‘ಗಾಥಿಕ್’ ಎಂಬುದೇ ಒರಟು, ಅನಾಗರಿಕ ಎಂಬರ್ಥದ ಬೈಗುಳಾಗಿತ್ತು. ಬೈಗುಳನ್ನೇ ಬಿರುದಾಗಿ ಮಾಡಿಕೊಂಡವನು ವಾಲ್ಪೋಲ್. ಹಳೆಯ ಅದ್ಭುತಕಥೆಯಲ್ಲಿ ಕಲ್ಪನೆಯುಂಟು, ಮನುಷ್ಯ ಸ್ವಭಾವವಿಲ್ಲ. ಹೊಸ ಕಾದಂಬರಿಯಲ್ಲಿ ಸ್ವಭಾವವುಂಟು, ಕಲ್ಪನೆಗೆ ಬರಗಾಲ. ಇವೆರಡನ್ನೂ ಕೂಡಿಸುವುದೇ ತನ್ನ ಉದ್ದೇಶವೆಂದು ಎರಡನೆಯ ಮುನ್ನುಡಿಯಲ್ಲಿ ಅವನು ವಾದಿಸಿದನು. ಅದ್ಭುತ ಪ್ರಸಂಗದ ನಡುವೆ ಸೇವಕರ ಹಾಸ್ಯಕ್ಕೆ ಎಡೆಗೊಟ್ಟುದಕ್ಕೆ ಷೇಕ್ಸ್‌ಪಿಯರನನ್ನೂ, ವಿಶೇಷವಾಗಿ ಹ್ಯಾಮ್ಲೆಟ್ ನಾಟಕದ ಗೋರಿ ತೋಡುವವರನ್ನೂ ಸಾಕ್ಷಿಗೆ ಕರೆದನು. ಈ ಹ್ಯಾಮ್ಲೆಟ್ಟಿನ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದಕ್ಕೆ ಕೆಲಸವಿದೆ.

ಇಂದು ಓದಿದರೆ ಶಿರಸ್ತ್ರಾಣವು ಬೀಳುವುದು ನಗೆ ಬರಿಸುತ್ತದೆ. ಪಾತ್ರಗಳು ಬೊಂಬೆಗಳಂತಿವೆ. ಹಾಗಾದರೆ ಗ್ರಂಥವು ಉಳಿದುದು ಹೇಗೆ? ಅದರಲ್ಲಿ ಒಂದು ಹೊಸ ಪಾತ್ರವುಂಟು, ಅದು ಮನೆ. ಕಥೆಯ ಹೆಸರು ನಾಯಕನದಲ್ಲ, ನಾಯಕಿಯದಲ್ಲ, ದುರ್ಗದ್ದು. ಗೋಡೆಗಳು ನೆನಪಿಟ್ಟುಕೊಳ್ಳುತ್ತವೆ, ನೆಲಮಾಳಿಗೆಗಳು ಮುಚ್ಚಿಡುತ್ತವೆ, ಅನ್ಯಾಯದಿಂದ ಬಂದ ಆಸ್ತಿಯು ಅನುಭವಿಸುವವನನ್ನೇ ತಿನ್ನುತ್ತದೆ. ಹಿಂದಿನವರ ಅಪರಾಧವು ಮನೆಯೊಳಗೇ ವಾಸವಾಗಿರುವುದೆಂಬ ಈ ಭಾವನೆಯನ್ನು ಮುಂದೆ ಬಂದ ನೂರಾರು ಲೇಖಕರು ತೆಗೆದುಕೊಂಡರು. ಶಿರಸ್ತ್ರಾಣವನ್ನು ಅಲ್ಲಿಯೇ ಬಿಟ್ಟರು.

ಇನ್ನು ಬಿದನೂರಿಗೆ ಬರೋಣ. ಕೆಳದಿ, ಇಕ್ಕೇರಿಗಳ ಬಳಿಕ ಈ ಅರಸರ ರಾಜಧಾನಿಯು ಹದಿನೇಳನೆಯ ಶತಮಾನದ ನಡುಭಾಗದ ಹೊತ್ತಿಗೆ ಬಿದನೂರಿಗೆ ಬಂದಿತು. ಶಿವಪ್ಪನಾಯಕನ ಕಾಲದಲ್ಲಿ ಅದು ಬೆಳೆಯಿತು. ಸುತ್ತಲೂ ಬೆಟ್ಟ, ಬಿದಿರು, ಬಿಡದೆ ಸುರಿಯುವ ಮಳೆ. ಕೆಳಗೆ ಕರಾವಳಿಯ ಬಂದರುಗಳು. ನಡುವೆ ಘಟ್ಟದ ದಾರಿಗಳು. ಮೆಣಸು, ಅಕ್ಕಿ, ಅಡಕೆಗಳ ವ್ಯಾಪಾರದಿಂದ ಬಂದ ಹೊನ್ನು ಬೆಟ್ಟಗಳ ಮರೆಯಲ್ಲಿ ಸೇರುತ್ತಿದ್ದಿತು. ೧೬೭೨ರಿಂದ ೧೬೯೭ರವರೆಗೆ ಆಳಿದ ರಾಣಿ ಚೆನ್ನಮ್ಮಾಜಿಯು ಔರಂಗಜೇಬನ ಭಯವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯಕೊಟ್ಟ ಕಥೆಯು ಕನ್ನಡ ಮಕ್ಕಳಿಗೂ ತಿಳಿದುದೇ. ಆಕೆಯೂ ವಿಧವೆ, ಆಕೆಯೂ ದತ್ತುಪುತ್ರನನ್ನು ಇಟ್ಟುಕೊಂಡು ರಾಜ್ಯವಾಳಿದವಳು. ಅದೇ ಅರಮನೆಯಲ್ಲಿ, ಅದೇ ಸ್ಥಿತಿಯಲ್ಲಿ ಇನ್ನೊಬ್ಬ ರಾಣಿಯಿದ್ದಳು. ಆಕೆಯ ಹೆಸರು ವೀರಮ್ಮಾಜಿ. ಚೆನ್ನಮ್ಮನ ಹೆಸರನ್ನು ಮಕ್ಕಳಿಗಿಡುತ್ತೇವೆ. ವೀರಮ್ಮಾಜಿಯ ಹೆಸರನ್ನು ಎತ್ತಿದರೆ ದನಿ ತಗ್ಗಿಸುತ್ತೇವೆ.

ವೀರಮ್ಮಾಜಿಯ ಪತಿ ಎರಡನೆಯ ಬಸಪ್ಪನಾಯಕನು ೧೭೫೫ರಲ್ಲಿ ತೀರಿಕೊಂಡನು. ಅವನು ದತ್ತು ತೆಗೆದುಕೊಂಡಿದ್ದ ಚೆನ್ನಬಸಪ್ಪನಾಯಕನೆಂಬ ಹುಡುಗನು ಪಟ್ಟಕ್ಕೆ ಬಂದನು. ರಾಣಿಯು ರಾಜ್ಯಭಾರವನ್ನು ನೋಡಿಕೊಳ್ಳುತ್ತಿದ್ದಳು. ಎರಡು ವರ್ಷಗಳಾಗುವಷ್ಟರಲ್ಲಿ ಹುಡುಗನು ಕಣ್ಮರೆಯಾದನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿಯು ೧೮೧೦ರಿಂದ ಪ್ರಕಟಿಸತೊಡಗಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಕಥೆಯು ಹೀಗಿದೆ: ರಾಣಿಗೆ ಒಬ್ಬ ಪ್ರಿಯಕರನಿದ್ದನು, ಹುಡುಗನು ಅದನ್ನು ಖಂಡಿಸಿದನು, ಅಭ್ಯಂಜನದ ಹೊತ್ತಿನಲ್ಲಿ ಮೈ ತಿಕ್ಕುತ್ತಿದ್ದ ಜಟ್ಟಿಯೊಬ್ಬನಿಂದ ರಾಣಿಯು ಅವನ ಕತ್ತನ್ನು ಮುರಿಸಿದಳು. ಬಳಿಕ ಸೋಮಶೇಖರನೆಂಬ ಇನ್ನೊಬ್ಬ ಮಗುವನ್ನು ದತ್ತು ತೆಗೆದುಕೊಂಡು ಆಳತೊಡಗಿದಳು. ಐದು ವರ್ಷಗಳ ತರುವಾಯ ಒಬ್ಬ ಯುವಕನು ಚಿತ್ರದುರ್ಗದ ಪಾಳೆಯಗಾರನ ಬೆಂಬಲದಿಂದ ಹೈದರನ ಬಳಿಗೆ ಬಂದನು. ನಾನೇ ಚೆನ್ನಬಸಪ್ಪನಾಯಕ, ಜಟ್ಟಿಯು ಕರುಣೆಯಿಂದ ನನ್ನನ್ನು ಕೊಲ್ಲದೆ ತನ್ನ ಮನೆಯಲ್ಲಿ ಬಚ್ಚಿಟ್ಟಿದ್ದನು, ನನ್ನ ರಾಜ್ಯವನ್ನು ನನಗೆ ಕೊಡಿಸಬೇಕು—ಇದು ಅವನ ಮೊರೆ. ಹೈದರನಿಗೆ ಬೇಕಾಗಿದ್ದುದೂ ಇಂಥದೊಂದು ಮೊರೆಯೇ.

೧೭೬೩ರಲ್ಲಿ ಸೈನ್ಯವು ಮಲೆನಾಡನ್ನು ಹೊಕ್ಕಿತು. ಕುಂಸಿಯಲ್ಲಿ ಸೆರೆಯಲ್ಲಿದ್ದ ಲಿಂಗಣ್ಣನೆಂಬ ಹಿಂದಿನ ಮಂತ್ರಿಯು ಹೈದರನಿಗೆ ದೊರೆತನು. ರಾಜಧಾನಿಗೆ ಹೋಗುವ ಒಂದು ಗುಪ್ತಮಾರ್ಗವನ್ನು ಅವನೇ ತೋರಿಸಿದನು. ರಾಣಿಯು ಹಣದ ಮೊತ್ತವನ್ನು ಏರಿಸುತ್ತ ಏರಿಸುತ್ತ ರಾಯಭಾರಿಗಳನ್ನು ಕಳುಹಿಸಿದಳು. ಹೈದರನು ನಿಲ್ಲಲಿಲ್ಲ. ಎದುರಿನ ಬಾಗಿಲ ಬಳಿ ಗದ್ದಲವೆಬ್ಬಿಸಿ, ಗುಪ್ತಮಾರ್ಗದಿಂದ ಸೈನ್ಯವನ್ನು ಊರೊಳಕ್ಕೆ ನುಗ್ಗಿಸಿದನು. ಅರಮನೆಗೆ ಬೆಂಕಿಯಿಡುವಂತೆ ಆಜ್ಞೆಮಾಡಿ ರಾಣಿಯು ಬಲ್ಲಾಳರಾಯನ ದುರ್ಗದ ಕಡೆಗೆ ಓಡಿದಳು. ಪ್ರಜೆಗಳು ಕಾಡಿಗೆ ಓಡಿದರು. ಹೈದರನು ಬೆಂಕಿಯನ್ನು ಆರಿಸಿ ಮನೆಮನೆಗೂ ಮೊಹರು ಹಾಕಿಸಿದನು. ಅಲ್ಲಿ ಸಿಕ್ಕಿದ ಸಂಪತ್ತನ್ನು ವಿಲ್ಕ್ಸ್ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡುಗಳೆಂದು ಅಂದಾಜುಮಾಡಿದ್ದಾನೆ. ಈ ಅಂಕಿಯು ಎಷ್ಟರಮಟ್ಟಿಗೆ ನಂಬತಕ್ಕದ್ದೋ ಇರಲಿ. ತನ್ನ ಮುಂದಿನ ಅಭ್ಯುದಯಕ್ಕೆಲ್ಲ ಬಿದನೂರೇ ತಳಹದಿಯೆಂದು ಹೈದರನೇ ಹೇಳುತ್ತಿದ್ದನಂತೆ. ಊರಿಗೆ ಹೈದರನಗರವೆಂದು ಹೊಸ ಹೆಸರಾಯಿತು. ಅದೇ ಜನರ ಬಾಯಲ್ಲಿ ನಗರವಾಗಿ ಉಳಿಯಿತು. ಸೆರೆಸಿಕ್ಕ ರಾಣಿಯನ್ನೂ, ಆಕೆಯ ದತ್ತುಪುತ್ರನನ್ನೂ, ಪ್ರಿಯಕರನೆನ್ನಲಾದವನನ್ನೂ ಮಧುಗಿರಿಯ ಬೆಟ್ಟಕ್ಕೆ ಕಳುಹಿಸಲಾಯಿತು. ಅವರ ಜೊತೆಗೆ, ಅದೇ ಸೆರೆಮನೆಗೆ, ರಾಜ್ಯವನ್ನು ಕೇಳಿಕೊಂಡು ಬಂದಿದ್ದ ಆ ಯುವಕನೂ ಹೋದನು. ೧೭೬೭ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದಾಗ ರಾಣಿಗೆ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲಿ ಆಕೆ ತೀರಿಕೊಂಡಳು.

ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಒಟ್ರಾಂಟೋವಿನಲ್ಲಿ ವಾಲ್ಪೋಲನು ತನ್ನಿಚ್ಛೆಯಂತೆ ನ್ಯಾಯವನ್ನು ತೀರ್ಮಾನಿಸಬಲ್ಲನು. ಪ್ರೇತವು ಎದ್ದು ನಿಜವಾದ ಉತ್ತರಾಧಿಕಾರಿಯ ಹೆಸರನ್ನು ಹೇಳುತ್ತದೆ. ಗೋಡೆಗಳು ಬಿದ್ದು ಅಪರಾಧಿಯು ತಲೆಬಾಗುತ್ತಾನೆ. ಬಿದನೂರಿನಲ್ಲಿ ಯಾವ ಪ್ರೇತವೂ ಎದ್ದು ಸಾಕ್ಷಿ ಹೇಳಲಿಲ್ಲ. ಯುವಕನು ನಿಜವಾದ ಚೆನ್ನಬಸಪ್ಪನೋ ವೇಷಧಾರಿಯೋ ಎಂಬುದನ್ನು ತೀರ್ಮಾನಿಸುವ ಗೋಜಿಗೆ ಗೆದ್ದವನು ಹೋಗಲಿಲ್ಲ. ಅವನಿಗೆ ಆ ತೀರ್ಮಾನವು ಇನ್ನು ಬೇಕಾಗಿರಲಿಲ್ಲ. ನಿಜವೂ ಸುಳ್ಳೂ ಒಂದೇ ಬೆಟ್ಟದ ಮೇಲೆ ಒಂದೇ ಬೀಗದೊಳಗೆ ಇದ್ದುವು.

ಇಲ್ಲಿ ನಾವು ಕೊಂಚ ನಿಲ್ಲಬೇಕು. ರಾಣಿಯ ಅಪರಾಧದ ಕಥೆಯನ್ನು ನಮಗೆ ಹೇಳುತ್ತಿರುವವರು ಯಾರು? ವಿಲ್ಕ್ಸ್ ಬರೆದುದು ಘಟನೆ ನಡೆದು ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ. ನ್ಯಾಯವಾದ ಉತ್ತರಾಧಿಕಾರಿಯನ್ನು ಪಟ್ಟಕ್ಕೇರಿಸುವೆವೆಂದು ಹೊರಟ ಸೈನ್ಯಕ್ಕೆ ರಾಣಿಯು ಕೊಲೆಗಾತಿಯಾಗಿರುವುದು ಅನುಕೂಲ. ವಿಧವೆಯೊಬ್ಬಳು ಅಧಿಕಾರದಲ್ಲಿದ್ದರೆ ಆಕೆಯ ಶೀಲದ ಮೇಲೆ ಮಾತು ಹುಟ್ಟುವುದು ನಮ್ಮ ದೇಶದಲ್ಲಿ ಹೊಸದಲ್ಲ. ಯಾವ ದೇಶದಲ್ಲಿಯೂ ಹೊಸದಲ್ಲ. ಇಷ್ಟರಿಂದ ಆಕೆ ನಿರಪರಾಧಿಯೆಂದು ಸಿದ್ಧವಾಗುವುದಿಲ್ಲ. ಒಬ್ಬ ಹುಡುಗನ ಪ್ರಾಣದ ವಿಷಯವಿದು. ಕೇವಲ ಮರುಕದಿಂದ ತಳ್ಳಿಹಾಕತಕ್ಕದ್ದಲ್ಲ. ಆದರೆ ಆಕೆಯ ಮಾತನ್ನು ಯಾರೂ ಬರೆದಿಡಲಿಲ್ಲವೆಂಬುದನ್ನು ಮರೆಯಬಾರದು. ಆ ವಂಶದ ಚರಿತ್ರೆಯನ್ನು ಲಿಂಗಣ್ಣ ಕವಿಯು ‘ಕೆಳದಿನೃಪವಿಜಯ’ವೆಂಬ ಚಂಪೂಗ್ರಂಥವಾಗಿ ಬರೆದನು; ಅದು ಅಚ್ಚಾಗಿ ವಿದ್ವಾಂಸರ ಕೈಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಅಷ್ಟರಲ್ಲಿ ಜನರ ಮನಸ್ಸಿನಲ್ಲಿ ರಾಣಿಯು ಕಥೆಯ ದುಷ್ಟಪಾತ್ರವಾಗಿ ನಿಂತುಬಿಟ್ಟಿದ್ದಳು. ರಮ್ಯಕಥೆಯ ಮೋಹಕ್ಕೂ ಚರಿತ್ರೆಯ ನ್ಯಾಯಕ್ಕೂ ಇರುವ ವಿರೋಧವು ಇಲ್ಲಿ ಎದ್ದು ಕಾಣುತ್ತದೆ.

ಒಟ್ರಾಂಟೋವಿನ ಸಂತತಿಯ ಕಡೆಗೆ ಈಗ ತಿರುಗೋಣ. ಕ್ಲಾರಾ ರೀವ್ ಎಂಬ ಮಹಿಳೆಯು ೧೭೭೭ರಲ್ಲಿ ಒಂದು ಕಥೆಯನ್ನು ಪ್ರಕಟಿಸಿದಳು. ಮರುವರ್ಷ ಅದು ‘ಹಳೆಯ ಇಂಗ್ಲಿಷ್ ಬ್ಯಾರನ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ತನ್ನ ಕಥೆಯು ಒಟ್ರಾಂಟೋ ದುರ್ಗದ ಮಗುವೆಂದು ಆಕೆ ಒಪ್ಪಿಕೊಂಡಳು. ಆದರೆ ನೂರು ಜನ ಹೊರಬೇಕಾದ ಕತ್ತಿಯೂ, ತನ್ನ ಭಾರದಿಂದಲೇ ನೆಲವನ್ನು ಕೊರೆಯುವ ಶಿರಸ್ತ್ರಾಣವೂ ಭಯದ ಬದಲು ನಗೆಯನ್ನು ಹುಟ್ಟಿಸುತ್ತವೆಂದು ದೂರಿ, ಅದ್ಭುತವನ್ನು ಹದಕ್ಕೆ ತಂದಳು. ಆನ್ ರ್‍ಯಾಡ್‌ಕ್ಲಿಫಳು ೧೭೯೪ರ ‘ಉಡಾಲ್ಫೋ’ ಕಥೆಯಲ್ಲಿ ಇನ್ನೂ ಮುಂದೆ ಹೋಗಿ, ಓದುಗರನ್ನು ಚೆನ್ನಾಗಿ ಹೆದರಿಸಿ, ಕೊನೆಯಲ್ಲಿ ಪ್ರತಿಯೊಂದಕ್ಕೂ ಲೌಕಿಕವಾದ ಕಾರಣವನ್ನು ತೋರಿಸಿಬಿಟ್ಟಳು. ೧೭೯೬ರಲ್ಲಿ ಲೂಯಿಸನ ‘ಸಂನ್ಯಾಸಿ’ಯು ಬಂದು ಭಯವನ್ನು ಬೀಭತ್ಸದವರೆಗೆ ಎಳೆಯಿತು. ಈ ಹುಚ್ಚನ್ನೆಲ್ಲ ಜೇನ್ ಆಸ್ಟಿನಳು ‘ನಾರ್ಥ್ಯಾಂಗರ್ ಅಬಿ’ಯಲ್ಲಿ ನವಿರಾಗಿ ಹಾಸ್ಯಮಾಡಿದಳು. ಮೇರಿ ಷೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ೧೮೧೮ರಲ್ಲಿ ದುರ್ಗದ ಸ್ಥಾನದಲ್ಲಿ ವಿಜ್ಞಾನಿಯ ಪ್ರಯೋಗಶಾಲೆಯನ್ನು ಇಟ್ಟಿತು. ಅಮೆರಿಕದ ಪೋ ೧೮೩೯ರಲ್ಲಿ ಬರೆದ ‘ಅಷರ್ ಮನೆ’ಯ ಕಥೆಯಲ್ಲಿ ವಂಶವೂ ಮನೆಯೂ ಒಟ್ಟಿಗೇ ಬಿರಿದು ಬಿದ್ದುವು.

ನಮಗೆ ಮುಖ್ಯನಾದವನು ಸರ್ ವಾಲ್ಟರ್ ಸ್ಕಾಟ್. ೧೮೧೧ರಲ್ಲಿ ಒಟ್ರಾಂಟೋ ದುರ್ಗದ ಹೊಸ ಮುದ್ರಣಕ್ಕೆ ಆದರದಿಂದ ಮುನ್ನುಡಿ ಬರೆದವನು ಅವನು. ೧೮೧೪ರಿಂದ ಚಾರಿತ್ರಿಕ ಕಾದಂಬರಿಗಳನ್ನು ಬರೆಯತೊಡಗಿದವನೂ ಅವನೇ. ಪ್ರೇತವನ್ನು ಹಿಂದಕ್ಕೆ ಸರಿಸಿ, ದುರ್ಗ, ಸುರಂಗ, ಸೆರೆ, ಮರೆಯಾದ ವಾರಸುದಾರ ಇವನ್ನು ಉಳಿಸಿಕೊಂಡು, ಅವುಗಳ ಸುತ್ತ ನಿಜವಾದ ಚರಿತ್ರೆಯನ್ನು ಹೆಣೆದನು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ೧೮೨೭ರಲ್ಲಿ ಅವನು ಬರೆದ ‘ವೈದ್ಯನ ಮಗಳು’ ಎಂಬ ಕಥೆಯು ಸ್ಕಾಟ್ಲೆಂಡಿನಲ್ಲಿ ಆರಂಭವಾಗಿ ಮೈಸೂರು ಸೀಮೆಯಲ್ಲಿ ಮುಗಿಯುತ್ತದೆ. ಫಕೀರನ ವೇಷದಲ್ಲಿ ಬರುವ ಹೈದರನು ಬೆಂಗಳೂರಿನಲ್ಲಿ ನ್ಯಾಯ ನಡೆಸುತ್ತಾನೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಬಿದನೂರನ್ನು ಗೆದ್ದ ಹೈದರನು ಹೀಗೆ ಒಟ್ರಾಂಟೋವಿನ ಮೊಮ್ಮಕ್ಕಳ ಕಥೆಯೊಳಕ್ಕೆ ಕಾಲಿಟ್ಟನು. ಬಿದನೂರು ಮಾತ್ರ ಹೊರಗೇ ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಕಲಿತ ಭಾರತೀಯರು ಸ್ಕಾಟನನ್ನು ಪಾಠಕ್ಕಾಗಿ ಓದಿದರು. ‘ಲಂಡನ್ ರಹಸ್ಯಗಳು’ ಎಂಬ ಕಥಾಸರಣಿಯ ರೆನಾಲ್ಡ್ಸನನ್ನು ಪಾಠ ಬಿಟ್ಟು ಓದಿದರು. ಇವೆರಡು ಓದುಗಳ ನಡುವೆ ನಮ್ಮ ಕಾದಂಬರಿಯು ಹುಟ್ಟಿತು. ೧೮೬೫ರಲ್ಲಿ, ಎಂದರೆ ವಾಲ್ಪೋಲನು ‘ಗಾಥಿಕ್’ ಎಂಬ ಪದವನ್ನು ಮುಖಪುಟದಲ್ಲಿ ಅಚ್ಚುಮಾಡಿಸಿದ ನೂರನೆಯ ವರ್ಷದಲ್ಲಿ, ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯು ವಂಗಭಾಷೆಯಲ್ಲಿ ಪ್ರಕಟವಾಯಿತು. ಹೆಸರಿನಲ್ಲಿಯೇ ದುರ್ಗ. ಆರಂಭದಲ್ಲಿ ಬಿರುಗಾಳಿ, ನಿರ್ಜನವಾದ ಶಿವಾಲಯ, ಅಲ್ಲಿ ಆಶ್ರಯ ಪಡೆದ ಅಪರಿಚಿತ ಸ್ತ್ರೀಯರು. ಮುಂದೆ ಕೋಟೆಯೊಳಕ್ಕೆ ಶತ್ರುಗಳ ಗುಪ್ತಪ್ರವೇಶ. ಸ್ಕಾಟನ ‘ಐವಾನ್‌ಹೋ’ವಿನ ಛಾಯೆಯಿದೆಯೆಂದು ಅಂದಿನವರು ಹೇಳಿದರು, ಆ ಗ್ರಂಥವನ್ನು ತಾವು ಆಗ ಓದಿರಲಿಲ್ಲವೆಂದು ಬಂಕಿಮರು ಹೇಳಿದರಂತೆ. ಎರಡು ಮಾತುಗಳೂ ಸತ್ಯವಾಗಿರಬಹುದು. ಒಂದು ಪ್ರಕಾರವು ಗಾಳಿಯಲ್ಲಿ ಬೆರೆತ ಮೇಲೆ ಪುಸ್ತಕವನ್ನು ತೆರೆಯಲೇಬೇಕೆಂದಿಲ್ಲ.

ದುರ್ಗೇಶನಂದಿನಿಯನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು, ವರ್ಷ ೧೮೮೫. ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧಿಕಾರಿಗಳಾಗಿದ್ದ ಅವರು ತಾವಾಗಿಯೇ ವಂಗಭಾಷೆಯನ್ನು ಕಲಿತು, ಅಲ್ಲಿಂದ ಒಂದರ ಮೇಲೊಂದು ಗ್ರಂಥವನ್ನು ಕನ್ನಡಿಸಿದರು. ಅವರ ಪುಸ್ತಕಗಳಿಂದ ಕಾದಂಬರಿಯ ರುಚಿಯನ್ನು ಕಂಡುಕೊಂಡ ಓದುಗರ ಒಂದು ತಲೆಮಾರೇ ಬೆಳೆಯಿತು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಚಾರಿತ್ರಿಕ ಕಾದಂಬರಿಗಳಿಂದ ಸ್ಫೂರ್ತಿ ಪಡೆದು ಅದೇ ಕೆಲಸವನ್ನು ಮಾಡಿದರು. ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ವೆಂಬ ಸ್ವತಂತ್ರ ಕಾದಂಬರಿಯನ್ನೂ ಬರೆದರು.

ಬೀಜವು ಹೊರಗಿನದಾದರೂ ನೆಲವು ಬರಡಾಗಿರಲಿಲ್ಲ. ಭಯಾನಕ, ಬೀಭತ್ಸ, ಅದ್ಭುತಗಳನ್ನು ನವರಸಗಳಲ್ಲಿ ಎಣಿಸಿ ಗೌರವಿಸಿದ ನಾಡು ನಮ್ಮದು. ೧೨೦೯ರ ಜನ್ನನ ‘ಯಶೋಧರಚರಿತೆ’ಯಲ್ಲಿ ನಡುರಾತ್ರಿಯ ಅರಮನೆ, ಹಾದರ, ವಿಷ, ಜನ್ಮಜನ್ಮಾಂತರಕ್ಕೆ ಬೆನ್ನಟ್ಟುವ ಪಾಪ ಎಲ್ಲವೂ ಇವೆ, ಒಟ್ರಾಂಟೋವಿನಲ್ಲಿ ಪಾಪವು ಮೊಮ್ಮಗನವರೆಗೆ ಬಂದರೆ ಇಲ್ಲಿ ಮಾಡಿದವನನ್ನೇ ಏಳು ಭವಗಳವರೆಗೆ ಹಿಂಬಾಲಿಸುತ್ತದೆ. ರಾಘವಾಂಕನ ಹರಿಶ್ಚಂದ್ರನು ಸ್ಮಶಾನದಲ್ಲಿ ಕಾವಲು ಕಾಯುತ್ತಾನೆ. ಬೇತಾಳನ ಕಥೆಗಳನ್ನು ಕೇಳದೆ ಬೆಳೆದ ಮಗುವುಂಟೆ? ೧೮೨೩ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ದಲ್ಲಿ ನಂದರ ಸೆರೆಯನ್ನೂ ಚಾಣಕ್ಯನ ಸೇಡನ್ನೂ ಗದ್ಯದಲ್ಲಿ ಹೇಳಿದ್ದನು. ಆದುದರಿಂದಲೇ ವೆಂಕಟಾಚಾರ್ಯರ ಓದುಗರಿಗೆ ಹೊಸ ಪ್ರಕಾರವು ಪರಕೀಯವೆನಿಸಲಿಲ್ಲ.

ಆದರೂ ಒಂದು ವೈಚಿತ್ರ್ಯವುಂಟು. ಕನ್ನಡ ಓದುಗನು ಕಾದಂಬರಿಯಲ್ಲಿ ಹೊಕ್ಕ ಮೊದಲ ದುರ್ಗಗಳು ವಂಗದೇಶದವು, ರಜಪುತರವು, ಮಹಾರಾಷ್ಟ್ರದವು. ಮೈಸೂರಿನ ದೀಪದ ಬೆಳಕಿನಲ್ಲಿ ಓದುಗನು ಮಂದಾರಣ ದುರ್ಗಕ್ಕಾಗಿ ಕಣ್ಣೀರಿಡುತ್ತಿದ್ದಾಗ ನಗರದ ಕೋಟೆಯ ಮೇಲೆ ಗಿಡಗಳು ಬೆಳೆಯುತ್ತಿದ್ದುವು. ೧೮೯೩ರಲ್ಲಿ ತಾಲ್ಲೂಕಿನ ಕಚೇರಿಯೂ ನಗರವನ್ನು ಬಿಟ್ಟು ಕಲ್ಲೂರುಕಟ್ಟೆಗೆ ಹೋಯಿತು. ಆ ಊರು ಹೊಸನಗರವಾಯಿತು. ನಮ್ಮ ಮನೆಯ ಹಾಳುಗೋಡೆಯು ನಮಗೆ ಕಥೆಯಾಗಿ ಕಾಣಬೇಕಾದರೆ, ಪರರ ಹಾಳುಗೋಡೆಯನ್ನು ಕುರಿತ ಕಥೆಗಳನ್ನು ಮೊದಲು ಓದಬೇಕಾಗಿದ್ದಿತೆಂದು ತೋರುತ್ತದೆ.

ಬಿದನೂರಿನ ಬಾಗಿಲನ್ನು ತೆರೆದವರು ಇಬ್ಬರು. ಮೊದಲನೆಯವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕುವೆಂಪು. ೧೯೩೦ರ ದಶಕದ ಆರಂಭದಲ್ಲಿ ಅವರು ಬರೆದ ‘ರಕ್ತಾಕ್ಷಿ’ಯೆಂಬ ರುದ್ರನಾಟಕವು ಷೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ಬಿದನೂರಿನ ಅರಮನೆಯಲ್ಲಿ ನಿಲ್ಲಿಸಿತು. ವಾಲ್ಪೋಲನು ಹ್ಯಾಮ್ಲೆಟ್ಟನ್ನು ಸಾಕ್ಷಿಗೆ ಕರೆದುದನ್ನು ಆಗಲೇ ಹೇಳಿದೆವು. ತಂದೆಯ ಪ್ರೇತ, ಅಪಹೃತವಾದ ಸಿಂಹಾಸನ, ರಾಣಿಯ ಮೇಲಿನ ಸಂದೇಹ—ಗಾಥಿಕ್ ಕಥೆಯ ಬೇರು ಆ ನಾಟಕದಲ್ಲಿದೆ. ಒಂದೇ ಬೇರಿನಿಂದ ಒಟ್ರಾಂಟೋ ದುರ್ಗವೂ ರಕ್ತಾಕ್ಷಿಯೂ ಬೇರೆಬೇರೆಯಾಗಿ ಚಿಗುರಿದುವು. ಇವರ ಋಣವು ಅವರಿಗಿಲ್ಲ. ಇಬ್ಬರದೂ ಮೂಲದ ಋಣ. ಡೆನ್ಮಾರ್ಕಿನ ಕಥೆಗೆ ಬಿದನೂರನ್ನೇ ಆರಿಸಿಕೊಂಡುದರಲ್ಲಿ ಮಲೆನಾಡಿನ ಕವಿಯ ಕಣ್ಣು ಕಾಣುತ್ತದೆ. ಅದೇ ದಶಕದ ‘ಕಾನೂರು ಹೆಗ್ಗಡಿತಿ’ಯಲ್ಲಿ ಅರಸರೂ ಇಲ್ಲ, ದುರ್ಗವೂ ಇಲ್ಲ; ಕಾಡಿನ ನಡುವಿನ ಒಂದು ಹಿರಿಯ ಮನೆ, ಅದರ ಯಜಮಾನ ಚಂದ್ರಯ್ಯಗೌಡರ ದರ್ಪ, ಆ ಮನೆಗೆ ಹೆಂಡತಿಯಾಗಿ ಬಂದ ಸುಬ್ಬಮ್ಮನ ದುರಂತ, ಭೂತಗಳ ಭಯ. ಕುವೆಂಪು ಅವರು ಯಾವ ಗಾಥಿಕ್ ಮಾದರಿಯನ್ನೂ ಎದುರಿಗಿಟ್ಟುಕೊಂಡು ಬರೆದವರಲ್ಲ. ಆದರೂ ಮನೆಯೇ ಪಾತ್ರವಾಗುವುದು, ಯಜಮಾನಿಕೆಯೇ ಶಾಪವಾಗುವುದು ಎಂಬ ಎರಡು ಸಂಗತಿಗಳು ಅಲ್ಲಿ ಮಲೆನಾಡಿನ ಸಹಜ ಜೀವನದಲ್ಲಿಯೇ ಕರಗಿ ನಿಂತಿವೆ.

ಎರಡನೆಯವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ೧೯೫೦ರ ಸುಮಾರಿಗೆ ಬಂದ ಅವರ ‘ಚೆನ್ನಬಸವನಾಯಕ’ ಕಾದಂಬರಿಯು ಬಿದನೂರಿನ ಪತನವನ್ನೇ ವಸ್ತುವಾಗಿ ತೆಗೆದುಕೊಂಡಿತು. ರಾಣಿ, ಆಕೆಯ ಪ್ರೀತಿಗೆ ಪಾತ್ರನಾದವನು, ಯುವರಾಜ, ಹೊಂಚುಹಾಕುವ ಹೈದರ್—ಹಳೆಯ ಕಥೆಯ ಅಂಗಗಳೆಲ್ಲ ಅಲ್ಲಿವೆ. ಆದರೆ ಮಾಸ್ತಿಯವರು ಓದುಗನನ್ನು ಹೆದರಿಸಲು ಬರೆದವರಲ್ಲ. ಒಂದು ಮನೆಯೊಳಗಿನ ನಡತೆಯು ಸಡಿಲವಾದರೆ ಒಂದು ರಾಜ್ಯವು ಹೇಗೆ ಸಡಿಲವಾಗುವುದೆಂಬುದನ್ನು ಹಿರಿಯರು ಜಗುಲಿಯ ಮೇಲೆ ಕುಳಿತು ಹೇಳುವ ಧಾಟಿಯಲ್ಲಿ ನಿಧಾನವಾಗಿ ಬಿಡಿಸುತ್ತಾರೆ. ಕೊಡಗಿನ ಕೊನೆಯ ಅರಸನನ್ನು ಕುರಿತು ೧೯೫೬ರಲ್ಲಿ ಅವರು ಬರೆದ ‘ಚಿಕವೀರ ರಾಜೇಂದ್ರ’ವೂ ಇದೇ ಜಾತಿಯದು. ಕತ್ತಲೆಯ ಕಥೆಯನ್ನು ಹಗಲ ಬೆಳಕಿನಲ್ಲಿ ಹೇಳುವುದು ಅವರ ರೀತಿ. ಬಿದನೂರಿನ ನೆರೆಯ ಚಿತ್ರದುರ್ಗದ ಪತನಕ್ಕೆ ಮುಂದೆ ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ದಲ್ಲಿ ಮಹಾಕಾವ್ಯದ ಗಾಂಭೀರ್ಯವನ್ನು ತಂದರು. ದುರ್ಗವೆಂಬ ಮಾತು ಕನ್ನಡ ಕಾದಂಬರಿಯ ಹೆಸರಿನಲ್ಲಿ ಮತ್ತೊಮ್ಮೆ ಬಂದಿತು. ಈ ಸಲ ಅದು ನಮ್ಮದೇ ದುರ್ಗ.

ಇಷ್ಟು ದೂರ ಬಂದ ಮೇಲೆ ಒಟ್ರಾಂಟೋವಿಗೆ ನಮ್ಮ ಋಣವೆಷ್ಟೆಂದು ಕೇಳಿಕ್ಕೊಂಡರೆ ಹೀಗೆ ಹೇಳಬಹುದು. ಕಥೆಗಳನ್ನು ನಾವು ಅಲ್ಲಿಂದ ತರಲಿಲ್ಲ. ಅವು ನಮ್ಮಲ್ಲಿ ಬೇಕಾದಷ್ಟು ಇದ್ದುವು. ಅಲ್ಲಿಂದ ಬಂದುದು ನೋಡುವ ಒಂದು ಬಗೆ. ಹಾಳಾದ ಕೋಟೆಯನ್ನು ಕಂಡರೆ ಕೇವಲ ಕಲ್ಲಿನ ಲೆಕ್ಕ ಹಾಕದೆ, ಇಲ್ಲಿ ಯಾರಿಗೆ ಅನ್ಯಾಯವಾಯಿತು, ಅದನ್ನು ಯಾರು ಮುಚ್ಚಿಟ್ಟರು ಎಂದು ಕೇಳುವ ಬಗೆ. ಈ ಪ್ರಶ್ನೆಯು ಬೆಲೆಯುಳ್ಳದ್ದು. ಅದರ ಜೊತೆಗೇ ಬಂದ ಒಂದು ದೋಷವೂ ಉಂಟು: ಪ್ರಶ್ನೆಗೆ ಬೇಗನೆ ಉತ್ತರ ಬೇಕೆಂಬ ಅವಸರ, ದುಷ್ಟಪಾತ್ರವೊಂದು ಇದ್ದೇ ತೀರಬೇಕೆಂಬ ಹಟ. ವಾಲ್ಪೋಲನ ಮ್ಯಾನ್‌ಫ್ರೆಡ್ ಎಂದೂ ಇರಲಿಲ್ಲ. ಅವನನ್ನು ಎಷ್ಟು ಬೈದರೂ ಯಾರಿಗೂ ನಷ್ಟವಿಲ್ಲ. ವೀರಮ್ಮಾಜಿ ಇದ್ದವಳು. ನಾಲ್ಕು ವರ್ಷ ಮಧುಗಿರಿಯ ಬಂಡೆಯ ಮೇಲೆ ಸೆರೆಯಲ್ಲಿದ್ದವಳು. ಬಿಡುಗಡೆಯಾಗಿಯೂ ತನ್ನೂರನ್ನು ಕಾಣದೆ ದಾರಿಯಲ್ಲಿ ಸತ್ತವಳು. ಚೆನ್ನಬಸಪ್ಪನೂ ಇದ್ದವನು, ಅವನ ಸಾವಿಗೆ ನ್ಯಾಯವೂ ದೊರೆಯಲಿಲ್ಲ, ಅವನು ಬದುಕಿ ಬಂದುದೇ ನಿಜವಾಗಿದ್ದರೆ ರಾಜ್ಯವೂ ದೊರೆಯಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮರುಕ ತೋರಿಸಲು ಇನ್ನೊಬ್ಬರನ್ನು ಮರೆಯಬೇಕಾಗಿಲ್ಲ.

ಮುಂಗಾರಿನಲ್ಲಿ ಹುಲಿಕಲ್ ಘಟ್ಟದ ದಾರಿಯು ಮಂಜಿನಲ್ಲಿ ಮುಳುಗಿರುತ್ತದೆ. ಬಿದನೂರಿನ ಹೊನ್ನಿಗೂ ಮೆಣಸಿಗೂ ಬಾಗಿಲಾಗಿದ್ದುದು ಈ ಸೀಮೆಯ ಘಟ್ಟಗಳು. ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯವು ಹೊಸಂಗಡಿಯ ಘಟ್ಟವನ್ನು ಹತ್ತಿ ಬಂದು ನಗರವನ್ನು ಹಿಡಿದು, ಅದೇ ವರ್ಷ ಟಿಪ್ಪುವಿಗೆ ಸೋತು ಬಿಟ್ಟುಕೊಟ್ಟಿತು. ಆ ದಾರಿಯಲ್ಲಿ ಹೋಗುವ ವಿದ್ಯಾವಂತರು ನಗರದಲ್ಲಿ ಇಳಿದು ಕೋಟೆಯನ್ನು ನೋಡುವುದುಂಟು. ನೋಡಿ, ದುಷ್ಟ ರಾಣಿಯ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಉಂಟು. ಮುಂದಿನ ಸಲ ಹೋದಾಗ ಆ ಕಥೆಯನ್ನು ಹೇಳಿರಿ, ಬೇಡವೆನ್ನುವುದಿಲ್ಲ. ಅದನ್ನು ಮೊದಲು ಹೇಳಿದವರು ಯಾರು, ಆಗ ಆ ಅರಮನೆಯ ಬೀಗದ ಕೈ ಯಾರ ಬಳಿಯಲ್ಲಿತ್ತು ಎಂಬುದನ್ನೂ ಜೊತೆಯಲ್ಲಿಯೇ ಹೇಳಿರಿ.